ಮಿಂಚಿಗೆ ಕೆಂಪು ಅಂಟುವುದಿಲ್ಲ

ಬಯ್ಯೂಮಿಗೆ ಹೆಂಗಸರತ್ತ ಕಣ್ಣು ಹೊಡೆಯುವ ಚಾಳಿ ಇರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ಬೀದಿಯವರು ಇವತ್ತಿಗೂ ಅವನ ಸುದ್ದಿ ಬಂದರೆ ಮೊದಲು ಎಡಗಣ್ಣು ಮಿಟುಕಿಸಿ ಆಮೇಲೆ ಬಾಯಿ ತೆರೆಯುತ್ತಾರೆ. ಅವನಿಗಿದ್ದದ್ದು ರೋಗ. ಅದನ್ನು ಅವನಿಗೆ ಅಂಟಿಸಿದ್ದು ಅವನ ಧಣಿ ಮಿತ್ವಲ್ಲಿ ಹಾಜಿಯ ಯಂತ್ರ. ಅವನು ಮಾಡಿದ ಪಾಪ ಬೇರೆಯದೇ ಇದೆ, ಅದನ್ನೂ ಹೇಳುತ್ತೇನೆ. ಮಾಡದ್ದನ್ನು ತಲೆಗೆ ಕಟ್ಟಿದರೆ ಮಾಡಿದ್ದು ಮುಚ್ಚಿಹೋಗುತ್ತದೆ.

ನಮ್ಮದು ಕೈರೋದ ಬೈನ್ ಸರಾಯಾತ್ ಕೇರಿ. ವಿಶ್ವವಿದ್ಯಾಲಯದ ಗೇಟಿನ ಎದುರು ರಸ್ತೆ ದಾಟಿದರೆ ಒಂದು ಜೆರಾಕ್ಸ್ ಅಂಗಡಿ, ಅದರ ಪಕ್ಕ ಇನ್ನೊಂದು, ಅದರಾಚೆಯದೂ ಅದೇ. ಮೇಷ್ಟರುಗಳ ಪಾಠದ ನೋಟ್ಸನ್ನು ನಕಲು ತೆಗೆದು, ಹೊಲಿದು, ಅಂಟಿಸಿ, ಮಾರಿ ಬದುಕುವ ಜನ ನಾವು. ಪರೀಕ್ಷೆ ಬಂತೆಂದರೆ ಉಣ್ಣಲು ಪುರುಸೊತ್ತಿಲ್ಲ, ಬೇಸಿಗೆ ರಜೆಯಲ್ಲಿ ನೊಣ ಹೊಡೆಯುವುದೇ ಕೆಲಸ. ನಾನು ಹಾಜಿಯ ಅಂಗಡಿಯಲ್ಲಿ ಹಾಳೆ ಜೋಡಿಸಿ ರಟ್ಟು ಹಾಕುವವಳು. ನನ್ನನ್ನು ರಗಬನ ತಾಯಿ ಎನ್ನುತ್ತಾರೆ. ನಮ್ಮಲ್ಲಿ ಹೆಂಗಸಿನ ಹೆಸರನ್ನು ಬೀದಿಯಲ್ಲಿ ಎತ್ತುವುದಿಲ್ಲ. ಮದುವೆಗೆ ಮುಂಚೆ ಇಂಥವನ ಮಗಳು, ಇಂಥವನ ತಂಗಿ, ಆಮೇಲೆ ಇಂಥವನ ತಾಯಿ. ನನ್ನ ರಗಬ ಚಿಕ್ಕವನಿದ್ದಾಗ, ಶಾಲೆಯಲ್ಲಿ ನನ್ನ ಹೆಸರು ಹಿಡಿದು ಕೂಗಿದ ಹುಡುಗನ ಹಲ್ಲು ಉದುರಿಸಿ ಬಂದಿದ್ದ. ನಾನು ಬೈಯಲಿಲ್ಲ. ಅವತ್ತು ಅವನಿಗೆ ಕೋಳಿ ಕೊಯ್ದು ಹಾಕಿದೆ.

ಹಾಜಿಯ ಯಂತ್ರ ಬೀದಿಯ ಮಿಕ್ಕ ಯಂತ್ರಗಳಂತಲ್ಲ. ಮಿಕ್ಕವುಗಳಲ್ಲಿ ಹಾಳೆಯ ಮೇಲೆ ಬಿದ್ದ ಟೋನರ್ ಪುಡಿಯನ್ನು ಬಿಸಿ ಉರುಳೆಗಳು ಒತ್ತಿ ಕರಗಿಸುತ್ತವೆ, ಮನೆಯಲ್ಲಿ ಇಸ್ತ್ರಿ ಹಾಕಿದ ಹಾಗೆ. ಇದರಲ್ಲಿ ಉರುಳೆಯೇ ಇಲ್ಲ. ಯಾವುದೋ ದೊಡ್ಡ ಕಚೇರಿಯವರು ಗುಜರಿಗೆ ಎಸೆದದ್ದನ್ನು ಹಾಜಿ ಲಾರಿಯಲ್ಲಿ ಹೇರಿಕೊಂಡು ಬಂದಿದ್ದ. ಪುಡಿ ಹೊತ್ತ ಹಾಳೆ ಒಂದು ಗಾಜಿನ ಕೊಳವೆಯ ಕೆಳಗೆ ಹಾಯುತ್ತಿತ್ತು, ಕೊಳವೆ ಫಳ್ ಎಂದು ಮಿಂಚುತ್ತಿತ್ತು, ಅಷ್ಟೆ. ಯಾವುದೂ ಮುಟ್ಟದೆ ಅಕ್ಷರ ಕಾಗದಕ್ಕೆ ಅಂಟಿಬಿಡುತ್ತಿತ್ತು. ಕಪ್ಪು ಪುಡಿ ಬೆಳಕನ್ನು ಕುಡಿದು ಕರಗುತ್ತದೆ. ಬಿಳಿ ಕಾಗದ ಕುಡಿಯುವುದಿಲ್ಲ, ತಣ್ಣಗಿರುತ್ತದೆ. ಆಗಸ್ಟಿನ ಬಿಸಿಲಿನಲ್ಲಿ ಕಪ್ಪು ಬಟ್ಟೆ ಹೊದ್ದು ಬಸ್ಸಿಗೆ ಕಾದ ಹೆಂಗಸಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ಕೊಳವೆಗೆ ಒಂದು ತಗಡಿನ ಮುಚ್ಚಳ ಇರಬೇಕಿತ್ತು. ಗುಜರಿಯಲ್ಲೇ ಕಳೆದುಹೋಗಿತ್ತು. ಯಂತ್ರ ನಡೆಸುತ್ತಿದ್ದ ಬಯ್ಯೂಮಿ ಒಂದು ಮುಚ್ಚಳ ಮಾಡಿಸಿಕೊಡಿ ಎಂದು ಕೇಳಿದ. ಮಿಂಚಿದಾಗ ಕಣ್ಣು ಮುಚ್ಚಿಕೊ, ನೋಡು ಅಂದವರು ಯಾರು ಎಂದ ಹಾಜಿ. ಎರಡೂ ಕಣ್ಣು ಮುಚ್ಚಿಕೊಂಡರೆ ಹಾಳೆ ಸಿಕ್ಕಿಕೊಂಡದ್ದು ಕಾಣುವುದಿಲ್ಲ. ಸಿಕ್ಕಿಕೊಂಡರೆ ಹೊಗೆ, ಹೊಗೆ ಬಂದರೆ ಹಾಜಿಯ ಚಪ್ಪಲಿ. ಹಾಗಾಗಿ ಬಯ್ಯೂಮಿ ಎಡಗಣ್ಣು ಮುಚ್ಚಿ ಬಲಗಣ್ಣಿನಲ್ಲಿ ನೋಡುವುದನ್ನು ಕಲಿತ. ವರ್ಷಗಳು ಉರುಳಿದ ಮೇಲೆ ಆ ಎಡಗಣ್ಣು ಮಿಂಚಿಗೂ ಕಾಯದೆ ತಾನೇ ತಾನಾಗಿ ಮುಚ್ಚತೊಡಗಿತು. ಚಹಾ ಕುಡಿಯುವಾಗ, ನಮಾಜಿಗೆ ನಿಂತಾಗ, ಬಸ್ಸಿನಲ್ಲಿ ಹುಡುಗಿಯರ ಎದುರು ಕೂತಾಗ. ಓದುವ ಹುಡುಗಿಯರಿಂದ ಅವನು ತಿಂದ ಕಪಾಳಮೋಕ್ಷಗಳಿಗೆ ಲೆಕ್ಕವಿಲ್ಲ. ಹೊಸದಾಗಿ ಬಂದ ಹುಡುಗಿಯರನ್ನು ಬೇಕೆಂದೇ ಅವನ ಬಳಿ ಕಳಿಸಿ, ಚಟಾರ್ ಎನ್ನುವ ಸದ್ದಿಗಾಗಿ ಕಿವಿ ನಿಮಿರಿಸಿ ಕಾಯುತ್ತಿದ್ದ ಗಂಡಸರಿದ್ದರು ನಮ್ಮ ಬೀದಿಯಲ್ಲಿ, ಅವರ ಮನೆ ಹಾಳಾಗ. ಹೆಣ್ಣು ಕೇಳಲು ಹೋದ ಒಂದು ಮನೆಯಲ್ಲಿ ಹುಡುಗಿಯ ತಾಯಿ ಶರಬತ್ತು ತಂದಾಗ ಅವಳ ಎದುರು ಕಣ್ಣು ಮಿಟುಕಿತು. ಹುಡುಗಿಯ ಅಪ್ಪ ಅವನನ್ನು ಮೆಟ್ಟಿಲಿನಿಂದ ಕೆಳಗೆ ಉರುಳಿಸಿದ. ತಲೆ ನರೆಯುವ ವಯಸ್ಸಾದರೂ ಬಯ್ಯೂಮಿಗೆ ಹೆಣ್ಣು ಸಿಕ್ಕಿರಲಿಲ್ಲ.

ಒಂದು ಸಲ ಹಾಜಿಗೆ ಎಲ್ಲಿಂದಲೋ ಒಂದು ಡಬ್ಬಿ ಕೆಂಪು ಟೋನರ್ ಸಿಕ್ಕಿತು. ನೋಟ್ಸಿನ ಮುಖ್ಯವಾದ ಸಾಲುಗಳನ್ನೆಲ್ಲ ಕೆಂಪಿನಲ್ಲಿ ತೆಗೆದರೆ ಪಕ್ಕದ ಅಂಗಡಿಯವರು ಹೊಟ್ಟೆ ಉರಿದುಕೊಂಡು ಸಾಯುತ್ತಾರೆ ಎಂದು ಅವನ ಎಣಿಕೆ. ಬಯ್ಯೂಮಿ ಮೊದಲು ಕಪ್ಪು ಸಾಲುಗಳನ್ನು ಹಾಯಿಸಿ, ಪುಡಿ ಬದಲಿಸಿ, ಅವೇ ಹಾಳೆಗಳನ್ನು ಕೆಂಪಿಗೆ ಮತ್ತೊಮ್ಮೆ ಹಾಯಿಸಿದ. ನೋಡಲು ಚೆಂದವೋ ಚೆಂದ. ಸಂಜೆಯ ಹೊತ್ತಿಗೆ ನನ್ನ ಕೈ, ಮೂಗು, ತಲೆವಸ್ತ್ರ ಎಲ್ಲವೂ ಕೆಂಪು. ಕೆಂಪು ಪುಡಿ ಮಿಂಚನ್ನು ಕುಡಿಯುವುದಿಲ್ಲ, ಬಂದ ಬೆಳಕನ್ನು ಬಂದ ಹಾಗೆಯೇ ತಿರುಗಿಸಿ ಕಳಿಸುತ್ತದೆ. ಕರಗುವುದಿಲ್ಲ, ಅಂಟುವುದಿಲ್ಲ, ಹಾಳೆಯ ಮೇಲೆ ಸುಮ್ಮನೆ ಕೂತಿರುತ್ತದೆ. ಮರುದಿನ ಕಾನೂನು ಓದುವ ಹುಡುಗರು ಮುಖ್ಯವಾದ ಸಾಲುಗಳೇ ಮಾಯವಾದ ಪುಸ್ತಕ ಹಿಡಿದುಕೊಂಡು ಅಂಗಡಿಯ ಮುಂದೆ ಬಂದು ನಿಂತರು. ಹಾಜಿ ಎಲ್ಲರೆದುರು ಚಪ್ಪಲಿ ಬಿಚ್ಚಿ ಬಯ್ಯೂಮಿಯ ಬೆನ್ನಿಗೆ ಬಾರಿಸಿದ. ಹೊಡೆತ ತಿನ್ನುವಾಗ ಪಾಪಿಯ ಕಣ್ಣು ಮಿಟುಕಿತು. ತನ್ನನ್ನೇ ಅಣಕಿಸುತ್ತಿದ್ದಾನೆಂದು ಹಾಜಿ ಇನ್ನಷ್ಟು ಕೊಟ್ಟ. ಹುಡುಗರು ಚಪ್ಪಾಳೆ ತಟ್ಟಿದರು. ಅಂದಿನಿಂದ ಆ ಡಬ್ಬಿ ಮೇಲಿನ ಹಲಗೆಯಲ್ಲಿ ಧೂಳು ತಿನ್ನುತ್ತ ಕೂತಿತು. ಆಡಿದ ಮಾತು ಉಳಿಸಿಕೊಳ್ಳದವನನ್ನು ಕಂಡರೆ ನಮ್ಮ ಬೀದಿಯಲ್ಲಿ 'ಹಾಜಿಯ ಕೆಂಪು' ಎನ್ನುವುದು ರೂಢಿಯಾಯಿತು.

ಇನ್ಶಿರಾಹಳನ್ನು ಬಯ್ಯೂಮಿಗೆ ನೋಡಿಕೊಟ್ಟವಳು ನಾನೇ. ರೈಲು ಹಳಿಯ ಆಚೆ ಬೂಲಾಕಿನಲ್ಲಿ ಅವಳ ಅಣ್ಣ ಗಾಬಿರನದು ರೊಟ್ಟಿ ಸುಡುವ ಭಟ್ಟಿ. ದಕ್ಷಿಣದ ಸೊಹಾಗ್ ಸೀಮೆಯಿಂದ ಬಂದ ಜನ. ಮೀಸೆ, ಮಾತು, ಮರ್ಯಾದೆ ಎಲ್ಲವೂ ದಪ್ಪ. ಅಪ್ಪ ಅಬ್ದುಲ್ ಗಫ್ಫಾರ್ ತೀರಿಕೊಂಡ ಮೇಲೆ ತಂಗಿಯನ್ನು ಭಟ್ಟಿಯ ಕಿಟಕಿಗೆ ಕೂರಿಸಿ ರೊಟ್ಟಿ ಮಾರಲು ಬಿಟ್ಟು ಗಾಬಿರ ಹುಕ್ಕಾ ಎಳೆಯುತ್ತ ಕೂತಿರುತ್ತಿದ್ದ. ಅವಳಿಗೂ ವಯಸ್ಸು ಮೀರಿತ್ತು. ಮೊಣಕೈವರೆಗೆ ಸುಟ್ಟ ಕಲೆಗಳು. ನಾನು ಮೊದಲ ಸಲ ರೊಟ್ಟಿಗೆ ಹೋದಾಗ ನಿನ್ನ ಹೆಸರೇನು ಎಂದು ಕೇಳಿದಳು.

“ರಗಬನ ತಾಯಿ” ಅಂದೆ.

“ಅದು ರಗಬನ ಹೆಸರಾಯ್ತಲ್ಲಮ್ಮ. ನಾನು ಕೇಳಿದ್ದು ನಿಂದು.”

ಹೇಳಿದೆ. ಏನೆಂದು ನಿಮಗೆ ಹೇಳುವುದಿಲ್ಲ, ನಿಮಗೆ ಯಾಕೆ ಬೇಕು? ಅವಳು ಅದನ್ನು ಒಮ್ಮೆ ತಾನೂ ಹೇಳಿ ನೋಡಿ, ಚೆನ್ನಾಗಿದೆ ಎಂದು ಬಿಸಿ ರೊಟ್ಟಿ ಕೈಗಿತ್ತಳು. ಅದಾದ ಮೇಲೆ ಸುತ್ತ ಯಾರೂ ಇಲ್ಲದಾಗ ನನ್ನನ್ನು ಹೆಸರು ಹಿಡಿದೇ ಕರೆಯುತ್ತಿದ್ದಳು. ನನ್ನ ತಾಯಿ ಸತ್ತ ಮೇಲೆ ಹಾಗೆ ಕರೆದವರು ಬೇರೆ ಯಾರೂ ಇರಲಿಲ್ಲ. ನನಗೆ ಅವಳೆಂದರೆ ಜೀವ.

ಬಯ್ಯೂಮಿಯ ವಿಷಯ ಎತ್ತಿದಾಗ ಕಣ್ಣಿನ ಸಂಗತಿಯನ್ನೂ ಮುಚ್ಚಿಡಲಿಲ್ಲ. ಕುರುಡುಗಣ್ಣಿಗಿಂತ ಮೆಳ್ಳೆಗಣ್ಣು ಮೇಲು ಕಣೇ ಅಂದೆ. ಅವಳು ಕಣ್ಣಿನ ಸುದ್ದಿಗೇ ಹೋಗಲಿಲ್ಲ. ಅಚ್ಚು ಹಾಕೋನಾ ಎಂದು ಕೇಳಿದಳು. ಹೂಂ, ಮಿಂಚಿನ ಯಂತ್ರದಲ್ಲಿ ಹಗಲೆಲ್ಲ ಅದೇ ಕೆಲಸ ಎಂದೆ. ಹಾಗಿದ್ದರೆ ಕರೆದುಕೊಂಡು ಬಾ ಎಂದಳು.

ಹೋದೆವು. ಗಾಬಿರನೂ ಇದ್ದ. ಬಯ್ಯೂಮಿಯ ಕಣ್ಣು ಮಿಟುಕಿತು. ಗಾಬಿರ ಹೋ ಎಂದು ನಕ್ಕು, ಕಾರ್ಖಾನೆಯ ಗುರುತು ಇದು, ಅಸಲಿ ಮಾಲು ಎಂದ. ಮನೆಯಿಂದ ತಂಗಿ ತೊಲಗಿದರೆ ಸಾಕಾಗಿತ್ತು ಅವನಿಗೆ, ಯಾಕೆಂದರೆ ಅವನ ಹೆಂಡತಿಗೆ ಇನ್ಶಿರಾಹಳ ಕೋಣೆ ಬೇಕಾಗಿತ್ತು. ಎಲ್ಲರೂ ಫಾತಿಹಾ ಓದಿ ಮಾತು ಗಟ್ಟಿ ಮಾಡಿದರು. ಆಮೇಲೆ ಅಣ್ಣ ಹೊಗೆಸೊಪ್ಪಿಗೆ ಕೆಂಡ ತರಲು ಎದ್ದ ಹೊತ್ತಿನಲ್ಲಿ ಇನ್ಶಿರಾಹ್ ಬಯ್ಯೂಮಿಯನ್ನು ನೇರವಾಗಿ ನೋಡಿದಳು.

“ಬಂಗಾರ ನಿನ್ನ ಕೈಲಾದಷ್ಟು ತಾ. ಮಂಚ, ಫ್ರಿಜ್ಜು ಆಮೇಲೆ ನೋಡ್ಕೊಳ್ಳೋಣ. ಮದುವೆ ಕಾರ್ಡಲ್ಲಿ ಮಾತ್ರ ನನ್ನ ಹೆಸರು ಇರಬೇಕು. ಇಂಥವರ ಮಗಳು ಅಂತಲ್ಲ, ಹೆಸರು. ಅಪ್ಪ ಸತ್ತಾಗ ಪೇಪರಿನಲ್ಲಿ ಅಣ್ಣನ ಹೆಸರು ಬಂತು, ಅತ್ತಿಗೆ ತಮ್ಮನ ಹೆಸರೂ ಬಂತು. ಅಪ್ಪನ ಬಾಯಿಗೆ ನೀರು ಬಿಟ್ಟೋಳು ನಾನು. ನನ್ನ ಹೆಸರನ್ನ ಅಚ್ಚಲ್ಲಿ ಒಂದ್ಸಲಾನೂ ನೋಡಿಲ್ಲ. ನಿನ್ನ ಒಪ್ಪಿದ್ದೇ ಅದಕ್ಕೆ, ತಿಳೀತಾ?”

ಬಯ್ಯೂಮಿ ಎರಡೂ ಕೈ ಅಗಲಿಸಿ, ಇಷ್ಟು ದೊಡ್ಡದಾಗಿ ಹಾಕುತ್ತೇನೆ ಎಂದು ತೋರಿಸಿದ. ಅವಳು ನಕ್ಕಳು. ಅವಳ ಮುಂದಿನ ಹಲ್ಲುಗಳ ನಡುವೆ ಸಂದಿಯಿದೆ ಎಂದು ನನಗೆ ಗೊತ್ತಾದದ್ದೇ ಅವತ್ತು.

ಈ ಸಂಗತಿ ಗಾಬಿರನ ಕಿವಿಗೆ ಬೀಳಲು ಹೆಚ್ಚು ದಿನ ಬೇಕಾಗಲಿಲ್ಲ. ನಮ್ಮ ಅಂಗಡಿಯ ಎದುರಿನ ಚಹಾದಂಗಡಿಯಲ್ಲೇ ಬಯ್ಯೂಮಿಯನ್ನು ಹಿಡಿದ. ಕೂಗಾಡಲಿಲ್ಲ, ಪಕ್ಕ ಕೂರಿಸಿಕೊಂಡು, ಅವನ ತೊಡೆಯ ಮೇಲೆ ಕೈಯಿಟ್ಟು ಹೇಳಿದ.

“ಕಾರ್ಡಲ್ಲಿ ನನ್ನ ತಂಗಿ ಹೆಸರು ಕಂಡ್ರೆ ಮದುವೆ ಇಲ್ಲ. ಸೊಹಾಗಿನ ಗಂಡಸರೆಲ್ಲ ಆ ಹೆಸರನ್ನ ಬಾಯಲ್ಲಿ ಹಾಕ್ಕೊಂಡು ಅಗಿದು ಉಗೀಲಿ ಅಂತೀಯಾ? ನಿನಗೆ ಈ ಜನ್ಮದಲ್ಲಿ ಇನ್ನೊಂದು ಹೆಣ್ಣು ಸಿಗಲ್ಲ ಕಣ್ಣೇಟಪ್ಪಾ. ಯೋಚನೆ ಮಾಡು.”

ಬಯ್ಯೂಮಿ ನನ್ನ ಹತ್ತಿರ ಬಂದು ರಟ್ಟುಗಳ ಮೇಲೆ ಕೂತು ಅತ್ತುಬಿಟ್ಟ. ಅವಳಿಗೆ ಹೇಳಿದರೆ ಅವಳು ಹೋಗುತ್ತಾಳೆ, ಹೆಸರು ಹಾಕಿದರೆ ಇವನು ಬಿಡುವುದಿಲ್ಲ, ನಾನೇನು ಮಾಡಲಿ ಅಕ್ಕಾ ಎಂದ. ಗಂಡಸು ಅಳುವುದನ್ನು ನೋಡಲು ನನಗಾಗುವುದಿಲ್ಲ. ಸಂಕಟವಾಯಿತು. ಆದರೂ ಗದರಿಸಿದೆ. ಅಣ್ಣನ ಎದುರು ನಿಲ್ಲು, ಇಲ್ಲವೇ ತಂಗಿಯ ಎದುರು ನಿಂತು ನನ್ನ ಕೈಲಾಗಲ್ಲ ಅಂತ ಹೇಳು. ಎರಡರಲ್ಲಿ ಒಂದು ಮಾಡು, ಮೂರನೆಯದಕ್ಕೆ ಕೈ ಹಾಕಬೇಡ ಎಂದೆ. ಅವನು ಮೂಗು ಒರೆಸಿಕೊಂಡು ನನ್ನ ತಲೆಯ ಮೇಲಿನ ಹಲಗೆಗಳತ್ತ ನೋಡಿದ. ಕಣ್ಣು ಮಿಟುಕಿತು. ರೋಗದ್ದೋ ಬೇರೆಯೋ ತಿಳಿಯಲಿಲ್ಲ.

ಅಂಗಡಿ ಮುಚ್ಚಿರುವ ಶುಕ್ರವಾರ ಅವನೊಬ್ಬನೇ ಬಂದು ಕಾರ್ಡುಗಳನ್ನು ಅಚ್ಚು ಹಾಕಿಕೊಂಡ. ಶನಿವಾರ ನನ್ನ ಕೈಗೂ ಒಂದು ಬಂತು. ಬಯ್ಯೂಮಿಯ ಹೆಸರು, ಅವನ ಅಪ್ಪನ ಹೆಸರು, ಆಮೇಲೆ ಸ್ವಲ್ಪ ಖಾಲಿ ಜಾಗ, ಅದರ ಕೆಳಗೆ 'ಅಬ್ದುಲ್ ಗಫ್ಫಾರ್ ಅವರ ಮಗಳು'. ಅಣ್ಣ ಗೆದ್ದ, ಇವನು ಅವಳಿಗೆ ನಿಜ ಹೇಳಿದ್ದಾನೆ ಎಂದುಕೊಂಡೆ. ಭಟ್ಟಿಯ ಕಿಟಕಿಗೆ ಹೋದರೆ ಅವಳ ಮುಖ ಅರಳಿತ್ತು. ಒಪ್ಪಿಕೊಂಡಳಲ್ಲ, ದೊಡ್ಡ ಮನಸ್ಸು, ದೇವರು ಒಳ್ಳೆಯದು ಮಾಡಲಿ ಎಂದು ಮನಸ್ಸಿನಲ್ಲೇ ಹರಸಿ, ಗಾಯ ಕೆದಕಬಾರದೆಂದು ಕಾರ್ಡಿನ ಮಾತೇ ಆಡದೆ ಬಂದೆ.

ಮದುವೆಯ ದಿನ ಗಾಬಿರನ ಮನೆಯಲ್ಲಿ ಒಂದು ಕೋಣೆಯಲ್ಲಿ ಗಂಡಸರು, ಒಂದು ಕೋಣೆಯಲ್ಲಿ ನಾವು. ಸೊಹಾಗಿನ ಅತ್ತೆಯರು, ಚಿಕ್ಕಮ್ಮಂದಿರು ಚಾಪೆ ತುಂಬ ಕೂತಿದ್ದರು. ಆಚೆ ಬಯ್ಯೂಮಿಯ ಕೈಯನ್ನೂ ಗಾಬಿರನ ಕೈಯನ್ನೂ ಕೂಡಿಸಿ, ಮೇಲೆ ಬಿಳಿ ಕರವಸ್ತ್ರ ಹೊದಿಸಿ, ಮದುವೆ ಓದಿಸುವವರು ಓದಿಸಿದರು. ರುಜು ಆಯಿತು. ಹೆಂಗಸರು ನಾಲಿಗೆ ಹೊರಳಿಸಿ ಕೇಕೆ ಹಾಕಿದರು. ಆಗ ಇನ್ಶಿರಾಹ್ ರವಿಕೆಯೊಳಗಿಂದ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ್ದ ಒಂದು ಕಾರ್ಡು ತೆಗೆದಳು. ಅಚ್ಚಾದ ಇಡೀ ಕಟ್ಟನ್ನು ಅವಳಿಗೆ ತೋರಿಸಿ, ಇದೊಂದನ್ನು ಕೊಟ್ಟು, ಅಣ್ಣ ಕಂಡರೆ ಹರಿದು ಹಾಕುತ್ತಾನೆ, ಮದುವೆ ಮುಗಿಯುವವರೆಗೆ ಬಿಚ್ಚಬೇಡ ಎಂದು ಬಯ್ಯೂಮಿ ಹೇಳಿಕೊಟ್ಟಿದ್ದನಂತೆ; ಹಾಸಿಗೆಯ ಅಡಿಯಲ್ಲಿ ಇಟ್ಟುಕೊಂಡು ದಿನಾ ನೋಡುತ್ತಿದ್ದಳಂತೆ. ಇನ್ನು ಯಾರ ಭಯ ಎನ್ನುತ್ತ ಪ್ಲಾಸ್ಟಿಕ್ ಹರಿದಳು. ಅದರೊಳಗೆ ಅವಳ ಹೆಸರಿತ್ತು, ಕಾರ್ಡಿನ ಅರ್ಧ ಅಗಲ, ಕೆಂಪಗೆ.

ನನಗೆ ಹಲಗೆಯ ಮೇಲಿನ ಡಬ್ಬಿ ನೆನಪಾಯಿತು. ಕೈ ಚಾಚಿದೆ. ಅಷ್ಟರಲ್ಲಿ ಕಾರ್ಡು ಮುದಿ ಸೋದರತ್ತೆಯ ಕೈಗೆ ಹೋಗಿಯಾಗಿತ್ತು. ಅತ್ತೆಗೆ ಓದು ಬರದು. ಇದರಲ್ಲಿ ನಿನ್ನ ಹೆಸರು ಯಾವುದೇ ಕೂಸೇ, ಈ ಕೆಂಪು ಇದೆಯಲ್ಲ ಇದಾ ಎಂದು ಕೇಳುತ್ತ, ಮಗುವಿನ ಕೆನ್ನೆ ಸವರುವ ಹಾಗೆ ಹೆಬ್ಬೆರಳಿನಿಂದ ಅಕ್ಷರಗಳನ್ನು ಮೆಲ್ಲಗೆ ಸವರಿದಳು. ಹೆಸರು ಪೂರ್ತಿ ಹೆಬ್ಬೆರಳಿಗೆ ಬಂತು.

ಮುದುಕಿ ಹೆದರಿ, ನಾನೇನೂ ಮಾಡಲಿಲ್ಲ ತಾಯಿ ಎಂದು ಬೆರಳನ್ನು ಬಟ್ಟೆಗೆ ಒರೆಸಿಕೊಂಡಳು. ಯಾರೋ ಕಿಸಕ್ಕೆಂದರು. ಗಾಬಿರನ ಹೆಂಡತಿ, ತೊಳೆದರೆ ಹೋಗೋ ಹೆಸರು ನೋಡ್ರೇ ಎಂದಳು, ಚಾಪೆಯ ಈ ತುದಿಯಿಂದ ಆ ತುದಿಗೆ ನಗು ಹರಿಯಿತು. ಇನ್ಶಿರಾಹ್ ಪಕ್ಕದವಳ ಕೈಯಿಂದ ಅವಳ ಕಾರ್ಡು ಕಿತ್ತುಕೊಂಡು ನೋಡಿದಳು. ಖಾಲಿ. ಇನ್ನೊಬ್ಬಳದೂ ಖಾಲಿ. ಬೆಳಕಿಗೆ ಹಿಡಿದರೆ ಆ ಜಾಗದಲ್ಲಿ ಬಟ್ಟೆಯಿಂದ ಒರೆಸಿದ ಮಾಸಲು ಗುಲಾಬಿ ಕಲೆ. ಅವಳು ನನ್ನ ಕಡೆ ತಿರುಗಿದಳು.

“ನಿಮ್ಮ ಮಿಂಚಿಗೆ ಕೆಂಪು ಅಂಟುತ್ತೇನಮ್ಮ?”

ಸುಳ್ಳು ಹೇಳಬಹುದಿತ್ತು. ನಾಲಿಗೆ ಏಳಲಿಲ್ಲ.

“ಅಂಟಲ್ಲ ಕಣೇ. ನಮ್ಮ ಬೀದಿ ನಾಯಿಗೂ ಗೊತ್ತು.”

ಅವಳು ಎದ್ದು, ತಲೆಯ ಮೇಲೆ ಮದುವೆಯ ಬಿಳಿ ಮುಸುಕು ಹಾಗೇ ಇರಲು, ಗಂಡಸರ ಕೋಣೆಯ ಬಾಗಿಲಿಗೆ ಹೋಗಿ ನಿಂತಳು. ಆಮೇಲೆ ನೇರ ಒಳಗೆ ನಡೆದಳು. ಕೆಂಪಾದ ಕಾರ್ಡನ್ನು ಬಯ್ಯೂಮಿಯ ಮುಖಕ್ಕೆ ಹಿಡಿದು, ಇದು ಅಂಟಲ್ಲ ಅಂತ ನಿನಗೆ ಗೊತ್ತಿತ್ತಾ ಎಂದು ಕೇಳಿದಳು. ಒಂದೇ ಪ್ರಶ್ನೆ. ಅವನು ಬಾಯಿ ತೆರೆದ. ಎಡಗಣ್ಣು ಮಿಟುಕಿತು.

ಗಂಡಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಹೆಂಡತಿಗೆ ಆಗಲೇ ಕಣ್ಣು ಹೊಡೀತಾನೆ, ರಾತ್ರಿವರೆಗೂ ತಾಳ್ಮೆ ಇಲ್ಲ ಇವನಿಗೆ ಎಂದು ಯಾರೋ ಅಂದರು. ಎಲ್ಲರಿಗಿಂತ ಜೋರಾಗಿ ನಕ್ಕವನು ಗಾಬಿರ. ಅವನು ಬಯ್ಯೂಮಿಯ ಬೆನ್ನು ತಟ್ಟಿದ.

“ನಾನು ಹೆಸರು ಬೇಡ ಅಂದೆ, ಅಷ್ಟೆ. ಕೆಂಪು ಪುಡಿ ಉಪಾಯ ಪೂರಾ ನನ್ನ ಭಾವನದೇ. ಹಾವೂ ಸಾಯಲಿಲ್ಲ, ಕೋಲೂ ಮುರೀಲಿಲ್ಲ. ಇವನಿಗೆ ತಲೆ ಇಲ್ಲ ಅಂದೋರು ಯಾರ್ರೋ?”

ಇನ್ಶಿರಾಹ್ ಅಳಲಿಲ್ಲ. ಕಾರ್ಡನ್ನು ಅವನ ಶರಬತ್ತಿನ ಲೋಟದ ಪಕ್ಕ ಇಟ್ಟು ಒಳಗೆ ಬಂದು ಕೂತಳು. ರುಜು ಆಗಿಹೋಗಿತ್ತು, ಇನ್ನೆಲ್ಲಿಗೆ ಹೋಗುತ್ತಾಳೆ? ಆ ಮನೆಯ ಕೋಣೆಯಲ್ಲಿ ಅವಳ ಹಾಸಿಗೆಯನ್ನು ಅತ್ತಿಗೆ ಬೆಳಿಗ್ಗೆಯೇ ಎತ್ತಿಸಿದ್ದಳು.

ಸಂಸಾರ ನಡೆಯಿತು. ಭಟ್ಟಿಯಿಂದ ಎರಡು ಗಲ್ಲಿ ಆಚೆ ಒಂದು ಕೋಣೆ. ಅಡಿಗೆ, ಬಟ್ಟೆ, ಕಸ ಯಾವುದರಲ್ಲೂ ಅವಳು ಕೊರತೆ ಮಾಡಲಿಲ್ಲ. ಮಕ್ಕಳಾಗಲಿಲ್ಲ, ಹಾಗಾಗಿ ಇಂಥವನ ತಾಯಿ ಎಂಬುದೂ ದಕ್ಕಲಿಲ್ಲ. ಒಂದೇ ಒಂದು ಬದಲಾವಣೆ. ಬಯ್ಯೂಮಿ ಹೆಸರು ಹಿಡಿದು ಕರೆದರೆ ಅವಳು ತಿರುಗುತ್ತಿರಲಿಲ್ಲ. ಗಾಬಿರನ ತಂಗಿ ಎಂದರೆ ಬರುತ್ತಿದ್ದಳು. ಮೊದಮೊದಲು ಅವನು ಹಟ ಮಾಡಿದ, ಬೇಡಿಕೊಂಡ. ಒಮ್ಮೆ ಕೈಯನ್ನೂ ಎತ್ತಿದ. ಏನೂ ಆಗಲಿಲ್ಲ. ಆಮೇಲೆ ಹಸಿವಾದಾಗಲೆಲ್ಲ ಗಾಬಿರನ ತಂಗಿ ಎನ್ನುವುದನ್ನು ಕಲಿತುಕೊಂಡ.

ಮುಂದೆ, ಅಷ್ಟು ವರ್ಷ ಮಿಂಚು ನೋಡಿದ ಬಲಗಣ್ಣು ಪೂರ್ತಿ ಹೋಯಿತು. ಅದರ ಹಿಂದೆಯೇ ಎಡಗಣ್ಣೂ ಮಂಜಾಗತೊಡಗಿತು. ಹಾಜಿ ಯಂತ್ರವನ್ನು ತಿರುಗಿ ಗುಜರಿಗೆ ಹಾಕಿದ, ಬಯ್ಯೂಮಿಯನ್ನು ಮನೆಗೆ ಕಳಿಸಿದ. ಹೋಗುವ ದಿನ ಸುಟ್ಟುಹೋದ ಮಿಂಚಿನ ಕೊಳವೆಯೊಂದನ್ನು ಅವನ ಕೈಗಿಟ್ಟು, ತಗೊ, ಮನೆಯಲ್ಲಿ ಬೆಳಕಿಗೆ ಆಗುತ್ತದೆ ಎಂದ. ಅಂಗಡಿಯವರೆಲ್ಲ ನಕ್ಕರು. ಆ ಮನುಷ್ಯ ಎರಡು ಸಲ ಮೆಕ್ಕಾ ನೋಡಿ ಬಂದವನು. ನನಗೆ ಮೈಯೆಲ್ಲ ಉರಿದು, ಅವತ್ತೇ ಆ ಅಂಗಡಿ ಬಿಟ್ಟು ಪಕ್ಕದ ಅಂಗಡಿಗೆ ಸೇರಿಕೊಂಡೆ.

ಹೋದ ಚಳಿಗಾಲದಲ್ಲಿ ಅವರ ಮನೆಗೆ ಹೋಗಿದ್ದೆ. ಬಯ್ಯೂಮಿ ಹೊಸ್ತಿಲ ಹೊರಗೆ ಕುರ್ಚಿಯ ಮೇಲೆ, ತೊಡೆಯಲ್ಲಿ ಆ ಕೊಳವೆ. ಕಣ್ಣು ಹೋದರೂ ರೆಪ್ಪೆ ಈಗಲೂ ಮಿಟುಕುತ್ತದೆ. ಹೆಜ್ಜೆ ಸದ್ದು ಕೇಳಿದಾಗಲೆಲ್ಲ ಯಾರು ಎನ್ನುತ್ತಾನೆ. ಇನ್ಶಿರಾಹ್ ಹಾದುಹೋದರೆ, “ಅಬ್ದುಲ್ ಗಫ್ಫಾರನ ಮಗಳು” ಎಂದು ಹೇಳಿ ಹೋಗುತ್ತಾಳೆ. ಕತ್ತಲೆ ಹೆಚ್ಚಾದ ಹಾಗೆ ಅವನಿಗೆ ಭಯವೂ ಹೆಚ್ಚಾಗಿದೆ. ಭಯವಾದಾಗ ಕಲಿತದ್ದು ಮರೆತು, “ಇನ್ಶಿರಾಹ್! ಇನ್ಶಿರಾಹ್!” ಎಂದು ಗಲ್ಲಿಯ ಕೊನೆಗೆ ಕೇಳುವ ಹಾಗೆ ಕೂಗುತ್ತಾನೆ. ಗಲ್ಲಿಯ ಮಕ್ಕಳು ಅದನ್ನೇ ಹಾಡು ಮಾಡಿಕೊಂಡಿದ್ದಾರೆ. ಅವರೆಕಾಳು ಮಾರುವ ಗಾಡಿಯವನೂ ಆ ಹೆಸರು ಕೂಗಿಕೊಂಡೇ ಗಲ್ಲಿಗೆ ನುಗ್ಗುತ್ತಾನೆ. ಗಾಬಿರ ಕಿವಿ ಮುಚ್ಚಿಕೊಂಡು ಬೇರೆ ದಾರಿಯಲ್ಲಿ ಮನೆಗೆ ಹೋಗುತ್ತಾನಂತೆ. ಹೋಗಲಿ.

ಅವತ್ತೂ ಹಾಗೇ ಕೂಗುತ್ತಿದ್ದ. ಇನ್ಶಿರಾಹ್ ಅವನಿಂದ ಮಾರು ದೂರದಲ್ಲಿ ನನ್ನೆದುರು ಕೂತು ಮೊರದಲ್ಲಿ ಅಕ್ಕಿಯ ಕಲ್ಲು ಆರಿಸುತ್ತಿದ್ದಳು. ಅವನ ದನಿ ಒಡೆಯುತ್ತಿತ್ತು. ಕೇಳಲಾರದೆ, ಸಾಕು ಬಿಡೇ, ಕಣ್ಣು ಹೋದವನು, ಒಂದು ಸಲ ಓ ಅನ್ನು ಎಂದೆ.

ಅವಳು ನನ್ನನ್ನು ನನ್ನ ಹೆಸರು ಹಿಡಿದು ಕರೆದಳು.

“ಯಾರು ಓ ಅನ್ಬೇಕು ಹೇಳು? ಆ ಹೆಂಗಸನ್ನ ಅವನೇ ಬಟ್ಟೆ ತಗೊಂಡು ಒಂದೊಂದೇ ಕಾರ್ಡಿಂದ ಒರೆಸಿ ಹಾಕಿದ. ಈಗ ಕರೆದ್ರೆ ಎಲ್ಲಿಂದ ಬರ್ತಾಳೆ?”

ಹೊರಗೆ ಇನ್ನೂ ಸ್ವಲ್ಪ ಹೊತ್ತು ಆ ಹೆಸರು ಕೇಳುತ್ತಿತ್ತು. ಆಮೇಲೆ ನಿಂತಿತು. ಆಮೇಲೆ ಬಯ್ಯೂಮಿ ಮೆಲ್ಲಗೆ, ಗಾಬಿರನ ತಂಗೀ, ಸ್ವಲ್ಪ ನೀರು ಎಂದ. ಅವಳು ತಟ್ಟನೆ ಮೊರ ಕೆಳಗಿಟ್ಟು ಎದ್ದಳು. ಲೋಟವನ್ನು ಚೆನ್ನಾಗಿ ತೊಳೆದು, ಹೂಜಿಯಿಂದ ತಣ್ಣೀರು ಬಗ್ಗಿಸಿ, ತೆಗೆದುಕೊಂಡು ಹೋಗಿ ಅವನ ಕೈಗೆ ಕೊಟ್ಟಳು.